ಮೊದಲ ಸಾಲಿನ ಸಹಿ

ಬಳಗಟ್ಟಿ, ತಾ. ಬಸವನ ಬಾಗೇವಾಡಿ
12 ಮೇ 2024

ಬಸಂತರಾಯ ಮಾಸ್ತರರಿಗೆ ಫಿರದೋಸಳ ಸಲಾಮು, ಶರಣು.

ನನ್ನ ನೆನಪು ಇದೆಯೋ ಇಲ್ಲವೋ. ಟೇಲರ್ ಇಬ್ರಾಹಿಂಸಾಬರ ದೊಡ್ಡ ಮಗಳು. ನಮ್ಮೂರ ಸಾಲೆಯಲ್ಲಿ ನಿಮ್ಮ ಕೈಯಲ್ಲಿ ಏಳನೇ ಇಯತ್ತೆ ಮುಗಿಸಿದೆ. ಆಮೇಲೆ ಓದಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಹೇಳದೆ ಅಳುತ್ತಿದ್ದ ಹುಡುಗಿ ಅಂದರೆ ನೆನಪಾಗಬಹುದು. ಈಗ ಅಬ್ಬಾನ ಜೊತೆ ಮಷೀನು ತುಳಿಯುತ್ತೇನೆ.

ಪಂಚಾಯ್ತಿ ಮೆಂಬರ್ ಸಿದ್ಧರಾಮಣ್ಣ ಇಂಡಿಗೆ ಬಂದಾಗ ನಿಮ್ಮನ್ನು ಕಂಡನಂತೆ. ವಿಳಾಸ ಅವನೇ ಕೊಟ್ಟ. ನಿಮಗೆ ಕಿವಿ ಕೇಳುವುದು ಕಡಿಮೆಯಾಗಿದೆ ಎಂದೂ ಹೇಳಿದ. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಸಂಕೋಚಕ್ಕೆ ನನಗೆ ಮಾತು ಬರುವುದಿಲ್ಲ. ಅದಕ್ಕೆ ಈ ಕಾಗದ.

ನನ್ನ ತಂಗಿ ನಿಷತ ಹತ್ತನೇ ಇಯತ್ತೆಯಲ್ಲಿ ನೂರಕ್ಕೆ ತೊಂಬತ್ತೊಂದು ತೆಗೆದಿದ್ದಾಳೆ. ವಿಜಯಪುರಕ್ಕೆ ಹೋಗಿ ಸೈನ್ಸ್ ಓದುತ್ತೇನೆ ಅನ್ನುತ್ತಾಳೆ. ನೀವು ದಿನಾಲು ಬರುತ್ತಿದ್ದ ಪ್ಯಾಸೆಂಜರ್ ರೈಲು ಕೊರೊನಾದಲ್ಲಿ ನಿಂತದ್ದು ಮತ್ತೆ ಶುರುವಾಯಿತು, ಆದರೆ ಬಳಗಟ್ಟಿಯಲ್ಲಿ ನಿಲ್ಲುವುದಿಲ್ಲ. ಹತ್ತುವವರು ಕಡಿಮೆ ಎಂಬುದು ಕಾರಣವಂತೆ. ಮುಳವಾಡ ಸ್ಟೇಶನ್ನು ಒಂಬತ್ತು ಕಿಲೋಮೀಟರು. ಅಬ್ಬಾ ಒಂದೇ ಮಾತು ಹೇಳಿದ್ದಾರೆ: "ರೈಲು ನಮ್ಮೂರಾಗ ನಿಂತ್ರ ಕಳಸ್ತೇನಿ. ಇಲ್ಲಂದ್ರ ಮನ್ಯಾಗ ಕುಂದರ್ಲಿ. ಫಿರದೋಸನ್ನೂ ಕುಂದರ್ಸೇನಿ, ಆಕಿ ಏನ್ ಸತ್ತಾಳ?"

ನಿಷತ ಫೋನಿನಲ್ಲಿ ಓದಿದ್ದಾಳೆ. ಯಾರು ಬೇಕಾದರೂ ದಿಲ್ಲಿಯ ಲೋಕಸಭೆಗೇ ಅರ್ಜಿ ಬರೆಯಬಹುದಂತೆ. ಊರವರೆಲ್ಲ ಹೇಳುವುದು, ಹಿಂದೆ ಆ ರೈಲು ನಮ್ಮೂರಲ್ಲಿ ನಿಲ್ಲುವಂತೆ ಮಾಡಿದ್ದೇ ನಿಮ್ಮ ಅರ್ಜಿ ಎಂದು. ಹೇಗೆ ಬರೆಯಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಫಿರದೋಸ


ಇಂಡಿ
21 ಮೇ 2024

ಫಿರದೋಸ,

ನಿನ್ನ ಕಾಗದದಲ್ಲಿ ಮೂರು ತಪ್ಪುಗಳಿದ್ದವು. ಮೂರೂ ಅಲ್ಪಪ್ರಾಣ ಮಹಾಪ್ರಾಣದವು. ಉಳಿದಂತೆ ಕಾಗದ ಸರಿಯಾಗಿದೆ. ನಿನ್ನ ನೆನಪಿದೆ. ಅಳುತ್ತಿದ್ದೆ, ಆದರೆ ಪಾಟಿಯ ಮೇಲೆ ಉತ್ತರ ಬರೆದಿಟ್ಟು ಅಳುತ್ತಿದ್ದೆ.

ನೀವು ಯೋಚಿಸಿದ್ದು ಸರಿ. ಇದು ಬೇಡುವುದಲ್ಲ, ಜಗಳವೂ ಅಲ್ಲ. ರೈಲು ದಿಲ್ಲಿಯವರದು, ಆದ್ದರಿಂದ ದಿಲ್ಲಿಗೆ ಕೇಳುವುದು. ಅದಕ್ಕೆ ಕ್ರಮವಿದೆ. ಅರ್ಜಿ ಲೋಕಸಭೆಗೆ ಎಂದು ಆರಂಭವಾಗಬೇಕು. ಯಾರನ್ನೂ ಬೈಯಬಾರದು. ತೊಂದರೆ ಏನು ಎಂದು ಮೊದಲು, ಏನು ಬೇಕು ಎಂದು ಕೊನೆಗೆ. ಕೊನೆಯದಕ್ಕೆ ಪ್ರಾರ್ಥನೆ ಎನ್ನುತ್ತಾರೆ. ಪ್ರತಿಯೊಬ್ಬರ ಹೆಸರು, ವಿಳಾಸ, ಸಹಿ ಇರಬೇಕು. ಬರೆಯಲು ಬಾರದವರದು ಹೆಬ್ಬೆಟ್ಟು. ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಇಲ್ಲವೆ ಹಿಂದಿಯಲ್ಲಿ ಅನುವಾದ ಜೊತೆಗಿರಬೇಕು. ನಿಷತಳಿಗೆ ಆ ಕೆಲಸ ಕೊಡು.

ಮೊದಲ ಸಾಲಿನ ಹೆಸರನ್ನು ಯೋಚಿಸಿ ಹಾಕಿರಿ. ಅರ್ಜಿಯ ಬಗ್ಗೆ ಯಾರಾದರೂ ಕೇಳುವುದಿದ್ದರೆ ಅವರನ್ನೇ ಕೇಳುತ್ತಾರೆ.

ಬರೆದಾದ ಮೇಲೆ ನನಗೆ ಕಳಿಸು. ನೋಡಿ ಕೊಡುತ್ತೇನೆ. ಬಹಳ ದಿನಗಳ ಮೇಲೆ ಒಂದು ಕೆಲಸ ಬಂದಂತಾಯಿತು.

ಬಸಂತರಾಯ


ಬಳಗಟ್ಟಿ
5 ಜೂನ್ 2024

ಮಾಸ್ತರರಿಗೆ,

ಅರ್ಜಿ ಬರೆದೆವು. ಸಹಿಯೂ ಆಯಿತು. ಒಂದು ನೂರ ಅರವತ್ತಮೂರು ಮನೆ, ಒಂದು ನೂರ ಅರವತ್ತಮೂರು ಹೆಸರು.

ಮನೆ ಮನೆಗೆ ನಾನೇ ಹೋದೆ. ಬ್ಲೌಸಿನ ಅಳತೆಗೆ ಹೋಗಿ ಹೋಗಿ ಹೆಂಗಸರ ಸಂಕೋಚ ನನಗಿಲ್ಲ. ಗಂಡಸರು ಇದ್ದ ಕಡೆ ಕುರಿ ಸಾಕುವ ರೇವವ್ವ ಜೊತೆಗೆ ಬಂದಳು. ನಾನು ಹಾಳೆ ಹಿಡಿದು ನಿಲ್ಲುವುದು, ಅವಳು ಮಾತಾಡುವುದು. ಒಬ್ಬರು "ಸಹಿ ಹಾಕಿದ್ರ ರೈಲು ನಿಲ್ಲತೈತೇನ?" ಎಂದು ಕೇಳಿದರು. ರೇವವ್ವ, "ಹಾಕ್ಲಿಲ್ಲಂದ್ರ ನಿಲ್ಲೂದಿಲ್ಲ, ಇಷ್ಟ ಗೊತ್ತೈತಿ. ಬೆರಳ ತಾ ಇತ್ತಾಗ" ಅಂದಳು. ಮೊನ್ನೆ ವೋಟು ಹಾಕಿದ ಮಸಿ ಇನ್ನೂ ಉಗುರಿನ ಮೇಲಿತ್ತು. ಅದೇ ಕೈಯ ಹೆಬ್ಬೆಟ್ಟಿಗೆ ಮತ್ತೆ ಮಸಿ ಹಚ್ಚಿದೆವು. ಅವಳ ಮಕ್ಕಳು ಕುರಿ ಹೊಡೆದುಕೊಂಡು ತಂಗಡಗಿಯ ಕಡೆ ಹೋಗಿದ್ದರು. ಅವರ ದಾರಿ ಕಾಯಲಿಲ್ಲ, ಮನೆಗೊಂದು ಹೆಸರು ಬಂದರೆ ಸಾಕೆಂದು.

ಇಷ್ಟು ಹೆಸರು ನೋಡಿ ಅಬ್ಬಾ ಸ್ವಲ್ಪ ಇಳಿದಿದ್ದಾರೆ. "ಊರಿಗೂರ ಹೆಬ್ಬಟ್ಟು ಒತ್ತಿಂದ ನಾ ಒಬ್ಬಾಂವ ಯಾಕ ಅಡ್ಡ ಬರ್ಲಿ? ಹಾಳಿ ದಿಲ್ಲಿಗೆ ಹೋದ ಪಾವತಿ ಚೀಟಿ ತೋರ್ಸ್ರಿ, ಕಾಲೇಜಿನ ಫಾರ್ಮ ತುಂಬ್ತೇನಿ. ರೈಲು ನಿಲ್ಲೂತನಕ ಮುಳವಾಡಕ್ಕ ಟಂಟಂ ಗಾಡಿ ಹಚ್ಚೂಣು" ಅಂದರು. ಫಾರ್ಮಿಗೆ ಜುಲೈ ಹತ್ತು ಕೊನೆಯ ದಿನ.

ಹಾಳೆಗಳನ್ನೆಲ್ಲ ಇದರ ಜೊತೆ ರಜಿಸ್ಟರ್ ಮಾಡಿ ಕಳಿಸಿದ್ದೇನೆ. ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಬರೆದಿದ್ದೇನೆ. ಕೇಳದೆ ಬರೆದದ್ದು ತಪ್ಪು. ಆದರೆ ಬೇರೆ ಯಾರ ಹೆಸರನ್ನೂ ಊರಲ್ಲಿ ಯಾರೂ ಹೇಳಲಿಲ್ಲ. "ರೈಲು ತಂದವರ ಹೆಸರ ಮೊದಲ ಇರ್ಲಿ" ಅಂದರು. ನಿಮ್ಮ ಸಹಿ ಆದ ಮೇಲೆ ಬೇಗ ಕಳಿಸಿರಿ. ಇಲ್ಲಿಂದಲೇ ದಿಲ್ಲಿಗೆ ಹಾಕುತ್ತೇವೆ.

ಫಿರದೋಸ


ಇಂಡಿ
18 ಜೂನ್ 2024

ಫಿರದೋಸ,

ಎಂಟನೇ ತಾರೀಕು ಶನಿವಾರ ಹಾಳೆಗಳು ಮುಟ್ಟಿದವು. ನಿಧಾನವಾಗಿ ಓದುತ್ತಿದ್ದೇನೆ. ಕನ್ನಡಕ ಬದಲಿಸಬೇಕಾಗಿದೆ.

ಎರಡನೆಯ ಪರಿಚ್ಛೇದದಲ್ಲಿ "ತುಂಬಾ ತ್ರಾಸು ಆಗುತ್ತಿದೆ" ಎಂದಿದೆ. ತುಂಬಾ ಎಂದರೆ ಎಷ್ಟು ಎಂದು ಕೇಳುತ್ತಾರೆ. ದಿನಕ್ಕೆ ಎಷ್ಟು ಜನ, ಯಾವ ಕೆಲಸಕ್ಕೆ, ಎಷ್ಟು ದೂರ, ಇದು ಬೇಕು. ಮೂರನೆಯದರಲ್ಲಿ ಒಂದೇ ವಾಕ್ಯ ಏಳು ಸಾಲು ಓಡಿದೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು?

ಇಲ್ಲಿ ಮಳೆ ಒಂದು ಬಿದ್ದಿದೆ. ತೊಗರಿ ಬಿತ್ತನೆ ನಡೆದಿದೆ. ನಿಷತಳಿಗೆ ಆಶೀರ್ವಾದ ತಿಳಿಸು.

ಬಸಂತರಾಯ


ಬಳಗಟ್ಟಿ
27 ಜೂನ್ 2024

ಮಾಸ್ತರರಿಗೆ,

ನೀವು ಹೇಳಿದಂತೆ ಎಣಿಸಿದೆವು. ಮುಂಜಾನೆ ವಿಜಯಪುರಕ್ಕೆ ಹೋಗುವವರು ಮೂವತ್ತನಾಲ್ಕು ಜನ. ದವಾಖಾನೆಗೆ ಹೋಗುವವರನ್ನು ಇದರಲ್ಲಿ ಹಿಡಿದಿಲ್ಲ. ಅದನ್ನು ಬೇರೆ ಹಾಳೆಯಲ್ಲಿ ಬರೆದು ಸೇರಿಸಬಹುದು.

ಸಹಿ ಆಗಿದ್ದರೆ ಹಾಳೆ ಕಳಿಸಿರಿ. ಹದಿಮೂರು ದಿನ ಉಳಿದಿವೆ.

ಫಿರದೋಸ


ಬಳಗಟ್ಟಿ
6 ಜುಲೈ 2024

ಮಾಸ್ತರರಿಗೆ,

ನನ್ನ ಹಿಂದಿನ ಕಾಗದ ಮುಟ್ಟಿದೆಯೇ? ಆರಾಮ ಇದ್ದೀರಾ? ಸಹಿ ಆಗದಿದ್ದರೂ ಚಿಂತೆಯಿಲ್ಲ, ಹಾಳೆಗಳನ್ನಷ್ಟೇ ಕಳಿಸಿರಿ.

ಫಿರದೋಸ


ಇಂಡಿ
13 ಜುಲೈ 2024

ಫಿರದೋಸ,

ಹಾಳೆಗಳನ್ನು ಇದರ ಜೊತೆ ಕಳಿಸಿದ್ದೇನೆ. ಕಳಿಸುವುದು ತಡವಾಯಿತು. ಕಾರಣ ಹಾಳೆ ನೋಡಿದರೆ ತಿಳಿಯುತ್ತದೆ.

ನಿಮ್ಮ ಊರಿನಲ್ಲಿ ನಾನು ಇಪ್ಪತ್ತೇಳು ವರ್ಷ ಹಾಜರಿ ಕರೆದಿದ್ದೇನೆ. ಯಾರು ಯಾರ ಮಗ, ಯಾರು ಇದ್ದಾರೆ, ಯಾರು ಇಲ್ಲ, ನನಗೆ ಗೊತ್ತು. ಸಾಲು ನಾಲ್ಕು, ಕುರಿಯ ಮಾಳಿಂಗರಾಯ. ತೀರಿಕೊಂಡು ಹನ್ನೊಂದು ವರ್ಷ. ಸಾಲು ಒಂಬತ್ತು, ಅಬ್ದುಲರಜಾಕ. ನಿನ್ನ ಸ್ವಂತ ಅಜ್ಜ. ಅವರ ಮಣ್ಣಿಗೆ ನಾನೇ ಬಂದಿದ್ದೆ. ಹೀಗೆ ನಲವತ್ತೊಂದು ಹೆಸರು. ಪ್ರತಿಯೊಂದರ ಮುಂದೆ ಗುರುತು ಹಾಕಿದ್ದೇನೆ. ಸತ್ತವರ ಹೆಸರಿನಲ್ಲಿ ಬದುಕಿದವರು ಹೆಬ್ಬೆಟ್ಟು ಒತ್ತಿದರೆ ಅದಕ್ಕೆ ಖೊಟ್ಟಿ ಸಹಿ ಎನ್ನುತ್ತಾರೆ. ಇದನ್ನು ದೇಶದ ಲೋಕಸಭೆಗೆ ಕಳಿಸಲು ಹೊರಟಿದ್ದಿರಿ. ಮೊದಲ ಸಾಲಿನಲ್ಲಿ ನನ್ನ ಹೆಸರಿಟ್ಟು.

ನಾನು ಕಲಿಸಿದ್ದು ಇದಲ್ಲ.

ಬಸಂತರಾಯ


ಬಳಗಟ್ಟಿ
25 ಜುಲೈ 2024

ಮಾಸ್ತರರಿಗೆ,

ಹಾಳೆಗಳು ಮುಟ್ಟಿದವು. ನೀವು ಕೆಂಪು ಶಾಯಿಯಲ್ಲಿ ತಿದ್ದಿರುವುದು ಅಸಲು ಹಾಳೆ. ನಲವತ್ತೊಂದು ಹೆಸರುಗಳ ಮುಂದೆ "ಗೈರು" ಎಂದು ಬರೆದಿದ್ದೀರಿ. ಏಳು ಸಾಲಿನ ವಾಕ್ಯವನ್ನು ಎರಡು ಮಾಡಿದ್ದೀರಿ. ಕೆಳಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದು ಮಾತ್ರ ಉಳಿದಿದೆ. ಸತ್ತವರ ಹೆಸರು ಇಲ್ಲದಿದ್ದರೂ ಇನ್ನು ಈ ಹಾಳೆಯನ್ನು ಎಲ್ಲಿಗೂ ಕಳಿಸಲು ಬರುವುದಿಲ್ಲ.

ಸತ್ತವರ ಹೆಸರು ಹೇಗೆ ಬಂತು ಎಂದು ಹೇಳುತ್ತೇನೆ. ನೀವು ದಿನಾಲು ರೈಲಿಗೆ ಬಂದು ರೈಲಿಗೆ ಹೋದವರು, ಮನೆಗಳ ಒಳಗಿನದು ತಿಳಿದಿರಲಿಕ್ಕಿಲ್ಲ. ನಮ್ಮಲ್ಲಿ ಹಿರಿಯ ತೀರಿಕೊಂಡರೂ ಅವನ ಹೆಂಡತಿ ಇರುವ ತನಕ ಮನೆ ಅವನ ಹೆಸರಿನಲ್ಲೇ ನಡೆಯುತ್ತದೆ. ಹೊಲದ ಉತಾರ, ಪಹಣಿ ಎಲ್ಲ ಅವನ ಹೆಸರಿನಲ್ಲಿ. ಕಾಲುವೆ ನೀರಿನ ಪಾಳಿ ಕೂಗುವುದು ಅವನ ಹೆಸರಿನಲ್ಲಿ. ಲಗ್ನದ ಕಾರ್ಡು ಬರುವುದೂ ಅದೇ ಹೆಸರಿಗೆ. ಕೂಗಿದಾಗ ಮನೆಯಿಂದ ಯಾರಾದರೂ ಒಬ್ಬರು ಓ ಅನ್ನುತ್ತಾರೆ. ತಾಯಿ ಇರುವಾಗಲೇ ಮಗ ತನ್ನ ಹೆಸರು ಮುಂದಿಟ್ಟರೆ ಅವನು ಬೇರೆಯಾದ ಎಂದು ಅರ್ಥ. ಹೆಸರೇನು ಎಂದು ನಾನು ಕೇಳಿದೆ, ಅವರು ಮನೆಯ ಹೆಸರು ಹೇಳಿದರು, ನಾನು ಬರೆದೆ. ನನ್ನ ಅಜ್ಜನ ಹೆಸರು ಬರೆಯುವಾಗಲೂ ನನಗೆ ಏನೂ ಅನಿಸಲಿಲ್ಲ. ಇದು ನನ್ನ ತಪ್ಪು, ಮೋಸವಲ್ಲ.

ರೇವವ್ವಳಿಗೆ ಗಂಡ ಮಾಳಿಂಗರಾಯರ ಹೆಸರಿನ ಮುಂದಿನ ಕೆಂಪು ಅಕ್ಷರ ಏನೆಂದು ಓದಿ ಹೇಳಿದೆ. "ಗೈರು ಅಂತ ಬರದಾರ? ರೈಲು ತಂದ ಹಳೀ ಅರ್ಜ್ಯಾಗ ಮೊದಲನೇ ಹೆಬ್ಬಟ್ಟು ಇವರದ ಇತ್ತವಾ. ಮಾಸ್ತರಗ ಕೇಳು, ನೆನಪ ಇರಬೇಕ ಅವರಿಗಿ" ಅಂದಳು. ಆಗ ಮಾಳಿಂಗರಾಯರದು ಮೊದಲನೆಯದು, ನಿಮ್ಮದು ಎರಡನೆಯದು ಇತ್ತೇ? ಹಾಗಿದ್ದರೆ ನಿಮ್ಮ ಹೆಸರನ್ನು ಮೊದಲು ಬರೆದದ್ದಕ್ಕೆ ನಿಮಗೆ ಬೇಸರವಾಗಿರಬಹುದು. ಅದು ನನಗೆ ಗೊತ್ತಿರಲಿಲ್ಲ.

ಜುಲೈ ಹತ್ತು ಆಗಿಹೋಯಿತು. ಪಾವತಿ ಇಲ್ಲದ್ದರಿಂದ ಅಬ್ಬಾ ಫಾರ್ಮು ತುಂಬಲಿಲ್ಲ. ನಿಷತ ಈಗ ನನ್ನ ಪಕ್ಕ ಕೂತು ಗುಂಡಿ ಹಚ್ಚುತ್ತಾಳೆ. ಗುಂಡಿಗಳು ಸರಿಯಾಗಿ ಕೂಡುತ್ತವೆ.

ಫಿರದೋಸ


ಇಂಡಿ
9 ಆಗಸ್ಟ್ 2024

ಫಿರದೋಸ,

ನೀನು ಕೇಳಿದ ಪ್ರಶ್ನೆಗೆ ಉತ್ತರ: ನನ್ನದು ಎರಡನೆಯದಾಗಿರಲಿಲ್ಲ. ಮೂರನೆಯದೂ ಅಲ್ಲ. ಆ ಅರ್ಜಿಯಲ್ಲಿ ನನ್ನ ಸಹಿ ಇರಲಿಲ್ಲ.

1997ರಲ್ಲಿ ಅರ್ಜಿಯನ್ನು ಬರೆದವನು ನಾನು. ಅಕ್ಷರ ನನ್ನದು. ಸಹಿ ಹಾಕಿಸುವ ದಿನ ಗೊತ್ತಾದ ಮೇಲೆ ಜೊತೆಯ ಮಾಸ್ತರೊಬ್ಬರು, "ಸರಕಾರಿ ನೌಕರ ಆಗಿ ಸರಕಾರದ ಮ್ಯಾಲೆ ಬರೀತೀರೇನ್ರಿ? ಸಿಂದಗಿ ತಾಲೂಕಿನ ತುದೀಗಿ ಒಗೀತಾರ ನೋಡ್ರಿ" ಎಂದರು. ಆಗ ಮನೆಯಲ್ಲಿ ಬಾಣಂತಿ ಇದ್ದಳು. ನಾನು ಜ್ವರ ಎಂದು ಎರಡು ದಿನ ವಿಜಯಪುರದ ಮನೆಯಲ್ಲೇ ಉಳಿದೆ. ಮೂರನೆಯ ದಿನ ಬಂದಾಗ ಹಾಳೆ ತುಂಬಿತ್ತು. ಮಾಳಿಂಗರಾಯ ಮೊದಲು ಒತ್ತಿದನೆಂದು ಹೇಳಿದರು. ಎಲ್ಲರೂ ಹಿಂದೆ ಮುಂದೆ ನೋಡುವಾಗ ಅವನು, "ನನ್ನ ಎಲ್ಲಿಗಿ ವರ್ಗಾ ಮಾಡ್ತಾರ? ಕುರಿ ಎಲ್ಲಿ ಇರ್ತಾವು ಅಲ್ಲೆ ನಾ ಇರ್ತೇನಿ" ಅಂದನಂತೆ. ಎಲ್ಲರೂ ನಕ್ಕು ಸಹಿ ಹಾಕಿದರಂತೆ.

ಹದಿನಾಲ್ಕು ತಿಂಗಳ ಮೇಲೆ ರೈಲು ಬಳಗಟ್ಟಿಯಲ್ಲಿ ನಿಂತಿತು. ಮೊದಲ ದಿನ ನನಗೆ ಮಾಲೆ ಹಾಕಿದರು. ಬೇಡವೆನ್ನಲಿಲ್ಲ. ಆಮೇಲೆ ನಿವೃತ್ತಿಯ ತನಕ ಆ ರೈಲಿನಲ್ಲಿ ರೈಲು ತಂದ ಮಾಸ್ತರನಾಗಿ ಓಡಾಡಿದೆ.

ಈಗ ನನಗೆ ವರ್ಗಾವಣೆಯ ಭಯವಿಲ್ಲ. ಯಾರೂ ಏನೂ ಮಾಡಲಾರರು. ಆದರೂ ಮೊದಲ ಸಾಲಿನಲ್ಲಿ ನನ್ನ ಹೆಸರು ನೋಡಿದಾಗ ಕೈ ಏಳಲಿಲ್ಲ. ದಿನಾಲು ಹಾಳೆ ತೆಗೆಯುತ್ತಿದ್ದೆ. ಸಹಿ ಹಾಕಲಾಗದೆ ಒಂದು ತಪ್ಪು ಹುಡುಕಿ ತಿದ್ದುತ್ತಿದ್ದೆ. ಅದೊಂದು ಕೆಲಸ ಕೈಗೆ ಗೊತ್ತಿದೆ. ಸತ್ತವರ ಹೆಸರು ಸಿಕ್ಕಾಗ ನನಗೆ ಸಿಟ್ಟು ಬಂದಿತೆಂದು ಬರೆದೆ. ನಿಜ ಹೇಳುವುದಾದರೆ ಸಮಾಧಾನವಾಗಿತ್ತು. ಸಹಿ ಹಾಕದಿರಲು ಕಾರಣ ಸಿಕ್ಕಿತ್ತು.

ಜುಲೈ ಹತ್ತು ನನಗೆ ನೆನಪಿತ್ತು. ಮರೆತಿದ್ದೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ.

ಬಸಂತರಾಯ


ಬಳಗಟ್ಟಿ
26 ಆಗಸ್ಟ್ 2024

ಮಾಸ್ತರರಿಗೆ,

ಅರ್ಜಿ ಹೋಯಿತು. ಇಪ್ಪತ್ತೆರಡನೇ ತಾರೀಕು ಬಸವನ ಬಾಗೇವಾಡಿಗೆ ಹೋಗಿ ರಜಿಸ್ಟರ್ ಮಾಡಿದೆವು. ಈ ಸಲ ಒಂದು ನೂರ ಎಂಬತ್ತೇಳು ಹೆಸರು. ಹೋದ ಸಲ ಮನೆಗೊಂದು, ಈ ಸಲ ಆಳಿಗೊಂದು. ಹತ್ತೊಂಬತ್ತು ಮನೆಯವರು ಹಾಕಲಿಲ್ಲ. ಮನೆಯ ಹೆಸರು ಬಿಟ್ಟು ಬೇರೆ ಬರೆಸುವುದಿಲ್ಲ ಎಂದರು. ಒತ್ತಾಯ ಮಾಡಲಿಲ್ಲ.

ನಮ್ಮ ಮನೆಯಲ್ಲೇ ಮೊದಲು ತೊಡಕಾಯಿತು. ಅಬ್ಬಾ ತಮ್ಮ ಹೆಸರು ಬರೆಸಲು ಒಪ್ಪಲಿಲ್ಲ. ಅವರ ತಾಯಿ ಹಜರಾಬಿ ದಾದಿ ಒಳಗಿನಿಂದ ಎಲ್ಲ ಕೇಳುತ್ತಿದ್ದರು. ಹೊರಗೆ ಬಂದು, "ಯಾಕೋ ಇಬ್ರಾಹಿಂ, ನಿನ್ನ ಹೆಸರ ಬರಸಿದ್ರ ನಾ ಸತ್ತಂಗ ಆಗತೈತೇನ?" ಎಂದರು. ಅಬ್ಬಾ, "ಮಂದಿ ಅಂತಾರವಾ, ತಾಯಿ ಇದ್ದಾಗನ ಬ್ಯಾರಿ ಆದ ಅಂತ" ಎಂದರು. "ಮಂದಿಗಿ ನಾ ಹೇಳ್ತೇನಿ. ಮೊದಲ ನಂದ ಬರಿ ಫಿರದೋಸ. ಹಜರಾಬಿ. ಅಬ್ದುಲರಜಾಕನ ಹೇಣ್ತಿ ಅಂತ ಬರೀಬ್ಯಾಡ, ಬರೇ ಹಜರಾಬಿ. ಅದರ ಕೆಳಗ ಇಂವಂದ ಬರಿ" ಎಂದರು. ಬರೆದೆ. ಅಬ್ಬಾ ಸಹಿ ಹಾಕಿ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟುಹೋದರು. ಪೆನ್ನು ನನ್ನದು.

ದಾದಿ ಬರೆಸಿದ ಸುದ್ದಿ ಸಂಜೆಯ ಒಳಗೆ ಊರೆಲ್ಲ ಆಯಿತು. ಮರುದಿನ ಮುದುಕಿಯರೇ ಹಾಳೆ ಕೇಳಿಕೊಂಡು ಬಂದರು. ಚಂದವ್ವ ಎಂಬ ಮುದುಕಿಗೆ ಹೆಸರು ಕೇಳಿದರೆ ತಟ್ಟನೆ ಬರಲಿಲ್ಲ. "ತಡಿ, ತಡಿ, ಅದಾ..." ಎಂದು ನಕ್ಕಳು. ಎಲ್ಲರೂ ಅವಳನ್ನು ಆಯಿ ಎಂದೇ ಕರೆಯುತ್ತಾರೆ.

ಮೊದಲ ಸಾಲು ಕೊನೆಯ ತನಕ ಖಾಲಿ ಇತ್ತು. ಸಿದ್ಧರಾಮಣ್ಣ, "ಮೆಂಬರ್ ಅಂತ ನಾನ ಹಾಕ್ಬೇಕು ಖರೆ. ಆದ್ರ ನನ್ನ ಹೆಸರ ಮ್ಯಾಲ ಇದ್ರ ಆ ಪಾರ್ಟಿಯವ್ರು ಹಾಕೂದಿಲ್ಲ" ಎಂದ. ಹಾಗೆಂದು ನೂರಾ ಎಂಬತ್ತನೆಯ ಸಾಲಿನಲ್ಲಿ ಸಹಿ ಹಾಕಿದ. ರೇವವ್ವ ನನ್ನ ಮುಖ ನೋಡಿದಳು. "ಮನಿ ಮನಿ ತಿರಗಿದಾಕಿ ನೀನು. ಕೇಳಾಕ ಬಂದವ್ರಿಗಿ ಜವಾಬ ಕೊಡಾಕಿನೂ ನೀನ. ಮತ್ತ್ಯಾರ್ನ ಹುಡಕ್ತಿ?" ಎಂದಳು. ಜವಾಬು ಕೊಡಲು ನನಗೆ ಬಾಯಿ ಬರುವುದಿಲ್ಲವಲ್ಲ ಎಂದೆ. "ಬರದ ಕೊಡು" ಎಂದಳು. ನನ್ನ ಹೆಸರು ಬರೆದು ಸಹಿ ಹಾಕಿದೆ. ಸಹಿ ಸ್ವಲ್ಪ ಓರೆಯಾಗಿದೆ.

ನಿಮ್ಮ ಕಾಗದವನ್ನು ರೇವವ್ವಳಿಗೆ ಮಾತ್ರ ಓದಿ ಹೇಳಿದೆ. ಹೇಳಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಕೇಳಿದ್ದು ಅವಳಾದ್ದರಿಂದ ಹೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಅದ ನಮಗ ಗೊತ್ತಿತ್ತವಾ. ಓದಾಕ ಬರ್ಲಿಕ್ಕಂದ್ರ ಯಾರ ಸಹಿ ಐತಿ ಯಾರದ ಇಲ್ಲ ಅನ್ನೂದ ಗೊತ್ತಾಗೂದಿಲ್ಲೇನ? ಮಾಸ್ತರಗ ಮಾಲಿ ಹಾಕಿದವ್ರು ಯಾರಂತ ಮಾಡಿ? ನಮ್ಮವ್ರ. ಬರಿಯೂದೂ ಒಂದ ಕೆಲಸಾ ಅಲ್ಲೇನ ಅಂತಿದ್ರು."

ಪಾವತಿಯನ್ನು ಅಬ್ಬಾನಿಗೆ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ತಡಾ ಆತು. ಬರೂ ವರ್ಷ ನೋಡೂಣು" ಎಂದರು. ನಿಷತ ಆ ಮಾತನ್ನು ತಾರೀಕು ಹಾಕಿ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾಳೆ.

ಫಿರದೋಸ


ಇಂಡಿ
7 ಸೆಪ್ಟೆಂಬರ್ 2024

ಫಿರದೋಸ,

ಕಾಗದವನ್ನು ನಾಲ್ಕು ಸಲ ಓದಿದೆ. ಇಪ್ಪತ್ತೇಳು ವರ್ಷ ಅವರೆಲ್ಲರಿಗೂ ಗೊತ್ತಿತ್ತು ಎಂಬುದು ನನಗೆ ಗೊತ್ತಿರಲಿಲ್ಲ.

ಒಂದು ಮಾತು. ಅರ್ಜಿಯ ಕೊನೆಯಲ್ಲಿ, ಒಂದು ನೂರ ಎಂಬತ್ತೆಂಟನೆಯದಾಗಿ, ನನ್ನ ಹೆಸರನ್ನು ಸೇರಿಸಲು ಬರುತ್ತದೆಯೇ? ದಿಲ್ಲಿಗೆ ಬೇರೆ ಹಾಳೆ ಕಳಿಸಿ ಇದನ್ನೂ ಸೇರಿಸಿಕೊಳ್ಳಿರಿ ಎಂದು ಕೇಳಬಹುದೇ? ಒಂದು ಖಾಲಿ ಹಾಳೆಯ ಮೇಲೆ ಸಹಿ ಮಾಡಿ ಇದರೊಳಗೆ ಇಟ್ಟಿದ್ದೇನೆ. ಮೇಲಿನದನ್ನು ನೀನು ಬರೆದುಕೋ.

ಬಸಂತರಾಯ


ಬಳಗಟ್ಟಿ
16 ಸೆಪ್ಟೆಂಬರ್ 2024

ಮಾಸ್ತರರಿಗೆ,

ಆ ಅರ್ಜಿಗೆ ಸೇರಿಸಲು ಬರುವುದಿಲ್ಲ. ಅದು ಬಳಗಟ್ಟಿಯವರ ಅರ್ಜಿ, ಒಂದು ನೂರ ಎಂಬತ್ತೇಳು ಎಂದು ಒಳಗೆ ಬರೆದಾಗಿದೆ. ಖಾಲಿ ಹಾಳೆಯ ಮೇಲೆ ಸಹಿ ಹಾಕಿ ಯಾರಿಗೂ ಕೊಡಬೇಡಿರಿ. ನಿಮ್ಮ ಹಾಳೆಯನ್ನು ಹರಿದು ಒಲೆಗೆ ಹಾಕಿದ್ದೇನೆ.

ಆದರೆ ನಿಷತ ಫೋನಿನಲ್ಲಿ ಅರ್ಜಿಯ ಕ್ರಮವನ್ನು ಮತ್ತೆ ಓದಿದಳು. ಇಷ್ಟೇ ಜನ ಇರಬೇಕೆಂದು ಎಲ್ಲಿಯೂ ಇಲ್ಲ. ಒಬ್ಬರೇ ಬರೆದರೂ ಅದು ಅರ್ಜಿಯೇ. ನೀವು ಆ ನಿಲುಗಡೆಯಿಂದ ವರ್ಷಗಟ್ಟಲೆ ಓಡಾಡಿದವರು. ಇಂಡಿಯಿಂದ ನಿಮ್ಮದೇ ಒಂದು ಬರೆಯಬಹುದು. ಬರೆದು ಬೇಕಾದರೆ ನನಗೆ ಕಳಿಸಿರಿ, ನೋಡುತ್ತೇನೆ.

ಫಿರದೋಸ


ಇಂಡಿ
2 ಅಕ್ಟೋಬರ್ 2024

ಫಿರದೋಸ,

ಕರಡು ಬರೆದಿದ್ದೇನೆ. ಇಷ್ಟು ವರ್ಷ ಬೇರೆಯವರಿಗಾಗಿ ಅರ್ಜಿ ಬರೆದೆ, ನನ್ನದೆಂದು ಬರೆಯುವುದು ಇದೇ ಮೊದಲು. "ನಾವು" ಎಂದು ಆರಂಭಿಸುವ ರೂಢಿ. ಮೂರು ಸಲ "ನಾವು" ಬರೆದು ಹೊಡೆದುಹಾಕಿದೆ. ನೋಡು.

"ಮಾನ್ಯ ಲೋಕಸಭೆಗೆ, ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ವಾಸಿಸುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕನಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ: ಬಳಗಟ್ಟಿಯ ರೈಲು ನಿಲುಗಡೆಯನ್ನು ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಳಸಿದ್ದೇನೆ. ಆ ರೈಲು ಅಲ್ಲಿ ನಿಲ್ಲುತ್ತಿದ್ದರಿಂದ ಒಂದು ಸಾಲೆಯಲ್ಲಿ ಮಾಸ್ತರ ಉಳಿದ. ಅದು ಈಗ ನಿಲ್ಲದ್ದರಿಂದ ಆ ಸಾಲೆಯ ಮಕ್ಕಳು ಮುಂದೆ ಓದಲು ಹೋಗಲಾರದೆ ಇದ್ದಾರೆ. ದಿನಕ್ಕೆ ಮೂವತ್ತನಾಲ್ಕು ಜನ ಒಂಬತ್ತು ಕಿಲೋಮೀಟರು ಸುತ್ತುತ್ತಾರೆ.

"ಈ ವಿಷಯದಲ್ಲಿ ಊರವರು ಮಾಡಿದ ಮೊದಲ ಅರ್ಜಿಯನ್ನು ನಾನು ಮೂವತ್ತೈದು ದಿನ ನನ್ನ ಮನೆಯಲ್ಲಿ ಇಟ್ಟುಕೊಂಡೆ. ಅದರಿಂದ ಒಬ್ಬ ವಿದ್ಯಾರ್ಥಿನಿಯ ಒಂದು ವರ್ಷ ಹೋಯಿತು. ಅದಕ್ಕೆ ರೈಲು ಕಾರಣವಲ್ಲ, ನಾನು ಕಾರಣ.

"ಆದ್ದರಿಂದ ಬಳಗಟ್ಟಿಯ ನಿಲುಗಡೆಯನ್ನು ಮತ್ತೆ ಆರಂಭಿಸಬೇಕೆಂದು ನನ್ನ ಪ್ರಾರ್ಥನೆ."

ತಪ್ಪಿದ್ದರೆ ತಿದ್ದು.

ಬಸಂತರಾಯ


ಬಳಗಟ್ಟಿ
13 ಅಕ್ಟೋಬರ್ 2024

ಮಾಸ್ತರರಿಗೆ,

ಕರಡು ನೋಡಿದೆ. ಅಕ್ಷರದ ತಪ್ಪು ಇಲ್ಲ. ನಡುವಿನ ಪರಿಚ್ಛೇದವನ್ನು ತೆಗೆದಿದ್ದೇನೆ. ಅದರ ಬಗ್ಗೆ ಲೋಕಸಭೆ ಏನೂ ಮಾಡಲಾರದು. ಅವರಿಂದ ಆಗುವುದನ್ನು ಮಾತ್ರ ಅವರಿಗೆ ಬರೆಯಬೇಕೆಂದು ನೀವೇ ಬಲ್ಲಿರಿ.

ಆ ಪರಿಚ್ಛೇದವನ್ನು ನಿಷತಳಿಗೆ ಕೊಟ್ಟೆ. ಓದಿದಳು. "ಇದನ್ನ ಇಂಗ್ಲಿಷಿಗೆ ನಾ ಮಾಡೂದಿಲ್ಲ. ಉಳಿದದ್ದ ಮಾಡಿಕೊಡ್ತೇನಿ" ಎಂದಳು. ಮಾಡಿಕೊಟ್ಟಿದ್ದಾಳೆ, ಇದರ ಜೊತೆ ಇದೆ. ಪರಿಚ್ಛೇದ ಬರೆದ ಚೂರನ್ನು ಅವಳು ನನಗೆ ವಾಪಸ್ ಕೊಡಲಿಲ್ಲ. ಏನು ಮಾಡಿದಳೆಂದು ನಾನು ಕೇಳಿಲ್ಲ.

ನಮ್ಮ ಅರ್ಜಿ ಮುಟ್ಟಿದ್ದಕ್ಕೆ ದಿಲ್ಲಿಯ ಶಿಕ್ಕೆ ಬಿದ್ದ ಅಂಚೆಯ ಕಾರ್ಡು ಬಂದಿದೆ. ಬೇರೇನೂ ಬಂದಿಲ್ಲ. ಕಾರ್ಡಿನ ಮೇಲೆ ನನ್ನ ಹೆಸರಿತ್ತು. ಪೋಸ್ಟಿನವನು ಹೊರಗೆ ನಿಂತು "ಫಿರದೋಸ ಇಬ್ರಾಹಿಂಸಾಬ" ಎಂದು ಕೂಗಿದ. ಅಬ್ಬಾ ಮಷೀನು ನಿಲ್ಲಿಸಿ, "ಹೋಗು, ನಿನ್ನನ್ನ ಕರಿಯಾಕತ್ತಾರ" ಎಂದರು. ಕಾರ್ಡನ್ನು ಅವರೇ ರೇಶನ್ ಕಾರ್ಡಿನ ಚೀಲದಲ್ಲಿ ಇಟ್ಟಿದ್ದಾರೆ. ರೈಲು ಇನ್ನೂ ನಿಲ್ಲುತ್ತಿಲ್ಲ. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಸಪ್ಪಳ ಕೇಳುತ್ತದೆ.

ನಿಮ್ಮ ಅರ್ಜಿಯನ್ನು ನಾನು ಚೊಕ್ಕವಾಗಿ ನಕಲು ಮಾಡಿದ್ದೇನೆ. ಹೆಸರಿನ ಜಾಗ, ವಿಳಾಸದ ಜಾಗ, ಸಹಿಯ ಜಾಗ ಮೂರನ್ನೂ ಖಾಲಿ ಬಿಟ್ಟಿದ್ದೇನೆ. ಅವನ್ನು ನೀವೇ ತುಂಬಬೇಕು. ಇಂಗ್ಲಿಷಿನ ಹಾಳೆಯ ಮೇಲೂ ಸಹಿ ಬೇಕು. ಇಂಡಿಯಲ್ಲೇ ರಜಿಸ್ಟರ್ ಮಾಡಿ, ಪಾವತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿರಿ.

ಇನ್ನು ತಿದ್ದುವುದು ಏನೂ ಇಲ್ಲ. ನನಗೆ ವಾಪಸ್ ಕಳಿಸಬೇಡಿರಿ.

ಫಿರದೋಸ